ಚಾಸಿಗೆ ತುಕ್ಕು ಹಿಡಿದಿದೆ: ತೇಪೆ ಸಾಕಾ, ತುಂಡು ಬದಲಿಸಬೇಕಾ?

ಪ್ರಶ್ನೆ: ನನ್ನದು ಇಪ್ಪತ್ತು ವರ್ಷ ದಾಟಿದ ಫೋರ್ ವೀಲ್ ಡ್ರೈವ್ ಡೀಸೆಲ್ ಗಾಡಿ. ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಬೇರೆ, ಬಾಡಿ ಬೇರೆ ಇರುವ ಹಳೇ ರೀತಿಯದ್ದು. ಸರ್ವಿಸಿಗೆ ಎತ್ತಿದಾಗ ಹಿಂದಿನ ಕ್ರಾಸ್ ಮೆಂಬರ್‌ಗೆ (ಚಾಸಿಯ ಅಡ್ಡ ತೊಲೆಗೆ) ಮತ್ತು ಎಡಗಡೆ ಚಾಸಿಯ ಹಿಂದಿನ ತುದಿಗೆ, ಅಂದರೆ ಲೀಫ್ ಸ್ಪ್ರಿಂಗಿನ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ, ಅಲುಗಾಡುವ ಕೊಂಡಿ) ಕೂರುವ ಜಾಗಕ್ಕೆ, ತುಕ್ಕು ಹಿಡಿದಿದ್ದು ಕಂಡಿತು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಒತ್ತಿದರೆ ಅದು ಒಳಗೇ ಹೋಯಿತು. ಒಬ್ಬರು ಮೇಲೆ ತಗಡು ಇಟ್ಟು ವೆಲ್ಡ್ ಮಾಡಿದರೆ ಸಾಕು ಅಂತಾರೆ. ಇನ್ನೊಬ್ಬರು ಇಡೀ ಚಾಸಿ ಬದಲಿಸಿ ಅಂತಾರೆ. ಇಂಜಿನ್ ಚೆನ್ನಾಗಿದೆ, ಗಾಡಿ ಮಾರುವುದಕ್ಕೆ ಮನಸ್ಸಿಲ್ಲ. ಯಾವುದು ಸರಿ? ರಿಪೇರಿ ಆಗುವವರೆಗೆ ಓಡಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಓಡಿಸಬೇಡಿ. ತುಕ್ಕು ಬರೀ ಕ್ರಾಸ್ ಮೆಂಬರ್‌ನಲ್ಲಿ ಇದ್ದಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ತೆಗೆದುಕೊಂಡು ಹೋಗಿ ಅನ್ನುತ್ತಿದ್ದೆನೋ ಏನೋ. ಆದರೆ ಶ್ಯಾಕಲ್ ಕೂರುವ ಜಾಗ ಹಾಗಲ್ಲ. ಗಾಡಿಯ ಹಿಂದಿನ ಎಡ ಮೂಲೆಯ ಭಾರ ಸ್ಪ್ರಿಂಗಿನ ಎರಡು ತುದಿಗಳ ಮೂಲಕವೇ ಚಾಸಿಗೆ ದಾಟುತ್ತದೆ. ಅದರಲ್ಲಿ ಒಂದು ತುದಿ ನಿಮ್ಮ ಸ್ಕ್ರೂಡ್ರೈವರ್ ಹೊಕ್ಕ ಜಾಗ. ಹಳ್ಳಕ್ಕೆ ಬಿದ್ದಾಗ ಆ ಜಾಗಕ್ಕೆ ಬೀಳುವ ಹೊಡೆತ ನಿಂತ ಗಾಡಿಯ ಭಾರಕ್ಕಿಂತ ತುಂಬಾ ಜಾಸ್ತಿ. ಅದು ಹರಿದುಬಂದರೆ ಸ್ಪ್ರಿಂಗಿನ ತುದಿ ಮೇಲಕ್ಕೆ ನುಗ್ಗುತ್ತದೆ, ಆಕ್ಸಲ್ ಓರೆಯಾಗುತ್ತದೆ, ಬ್ರೇಕಿನ ಹೋಸ್ ಎಳೆದುಕೊಳ್ಳುತ್ತದೆ. ಇದಕ್ಕೆ ಮುನ್ಸೂಚನೆ ಸಿಗುತ್ತದೆ ಅಂತ ನಂಬಬೇಡಿ. ಗಾಡಿಯನ್ನು ಫ್ಲಾಟ್‌ಬೆಡ್ ಲಾರಿಯ ಮೇಲೆ ಹಾಕಿಸಿ ಕಳಿಸಿ. ಹಿಂದಿನ ಕ್ರಾಸ್ ಮೆಂಬರ್‌ಗೆ ಹಗ್ಗ ಕಟ್ಟಿ ಎಳೆಸುವುದಂತೂ ಬೇಡವೇ ಬೇಡ.

ಇನ್ನು ತೇಪೆಯೋ ಪೂರ್ತಿ ಚಾಸಿಯೋ ಅನ್ನುವ ಪ್ರಶ್ನೆ. ನಿಮಗೆ ಸಲಹೆ ಕೊಟ್ಟ ಇಬ್ಬರೂ ತುಕ್ಕು ಎಲ್ಲಿ ನಿಂತಿದೆ ಅಂತ ಹುಡುಕದೆ ತೀರ್ಮಾನ ಹೇಳಿದ್ದಾರೆ. ಈ ಕೆಲಸದಲ್ಲಿ ಮೊದಲು ತಿಳಿಯಬೇಕಾದ್ದು ಅದೊಂದೇ: ಗಟ್ಟಿ ಲೋಹ ಎಲ್ಲಿಂದ ಶುರುವಾಗುತ್ತದೆ? ಅದು ಗೊತ್ತಾದ ಮೇಲೆ ಉಳಿದ ತೀರ್ಮಾನ ತಾನಾಗಿಯೇ ಬರುತ್ತದೆ.

ನಿಮ್ಮ ಚಾಸಿ ಬಹುಶಃ ಡಬ್ಬಿಯ ಹಾಗೆ ನಾಲ್ಕೂ ಕಡೆ ಮುಚ್ಚಿದ್ದು. ಈ ರೀತಿಯ ಚಾಸಿ ಸಾಮಾನ್ಯವಾಗಿ ಒಳಗಿನಿಂದ ಕೊಳೆಯುತ್ತದೆ. ಹಿಂದಿನ ಚಕ್ರ ಎರಚಿದ ಕೆಸರು, ನೀರು ಯಾವುದೋ ತೂತಿನಿಂದ ಒಳಗೆ ಹೋಗುತ್ತವೆ. ನೀರು ಹೊರಗೆ ಬರಲು ತಳದಲ್ಲಿ ತಯಾರಕರು ಕೊಟ್ಟ ತೂತುಗಳು ಮಣ್ಣು ಕಟ್ಟಿ ಮುಚ್ಚಿರುತ್ತವೆ. ಒಳಗಿನ ಮಣ್ಣು ತಿಂಗಳುಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಉಪ್ಪು ಸೇರಿದರಂತೂ ಕೆಲಸ ಬೇಗ ಕೆಡುತ್ತದೆ, ಅದು ಕಡಲ ಗಾಳಿಯದ್ದಾಗಲಿ, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಾಗಲಿ. ಎರಡು ತಗಡುಗಳು ಒಂದರ ಮೇಲೊಂದು ಕೂತಿರುವ ಕಡೆ ಇನ್ನೂ ಕಷ್ಟ. ಆ ಸಂದಿಗೆ ನೀರು ನುಗ್ಗಿದರೆ ಒಣಗುವುದಿಲ್ಲ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಹಾಗಾಗಿ ತಗಡುಗಳನ್ನು ಉಬ್ಬಿಸಿ ದೂರ ತಳ್ಳುತ್ತದೆ, ಸಂದಿ ದೊಡ್ಡದಾಗುತ್ತದೆ, ಮತ್ತಷ್ಟು ನೀರು ಹೋಗುತ್ತದೆ. ಶ್ಯಾಕಲ್ ಬ್ರ್ಯಾಕೆಟ್, ಬಾಡಿ ಮೌಂಟ್ (ಬಾಡಿ ಚಾಸಿಯ ಮೇಲೆ ಕೂರುವ ಜಾಗ), ಕ್ರಾಸ್ ಮೆಂಬರ್ ಸೇರುವ ಮೂಲೆ, ಇವೆಲ್ಲ ಇಂಥ ಜೋಡಣೆಗಳೇ. ಅದಕ್ಕೇ ತುಕ್ಕು ಯಾವಾಗಲೂ ಅಲ್ಲೇ ಕಾಣಿಸುವುದು.

ಇದರ ಅರ್ಥ ಏನೆಂದರೆ, ಹೊರಗೆ ನಿಮಗೆ ಕಂಡ ತೂತು ತುಕ್ಕಿನ ಕೊನೆಯ ಹಂತ. ಅದರ ಸುತ್ತ ಬಣ್ಣ ಚೆನ್ನಾಗಿ ಕಾಣುವ ಲೋಹವೂ ಒಳಗಿನಿಂದ ಅರ್ಧ ತೆಳ್ಳಗಾಗಿರಬಹುದು.

ಗಡಿ ಹುಡುಕುವ ಕೆಲಸ ಹೀಗೆ. ಮೊದಲು ಚಾಸಿಯನ್ನು ಪೂರ್ತಿ ತೊಳೆದು ಒಣಗಿಸಿ. ಕಪ್ಪು ಟಾರ್ ಲೇಪನ ಇದ್ದರೆ ಕೆರೆದು ತೆಗೆಯಿರಿ. ಅದರ ಅಡಿಯಲ್ಲೇ ಜಾಸ್ತಿ ತುಕ್ಕು ಅವಿತಿರುತ್ತದೆ. ಆಮೇಲೆ ಸಣ್ಣ ಸುತ್ತಿಗೆಯಿಂದ ಹಿಂದಿನಿಂದ ಮುಂದಕ್ಕೆ, ನಾಲ್ಕು ಮುಖಗಳ ಮೇಲೂ, ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಠಣ್ ಅನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಕೊಳೆತದ್ದು ಡಬ್ ಅನ್ನುತ್ತದೆ, ಒಳಗೆ ಚಕ್ಕೆ ಉದುರುವ ಸದ್ದು ಕೇಳುತ್ತದೆ. ಸಂಶಯ ಬಂದ ಕಡೆ ಚೂಪಾದ ಮೊಳೆ ಒತ್ತಿ ನೋಡಿ. ಇರುವ ತೂತುಗಳಿಂದ ಒಳಗೆ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ. ಮೊಬೈಲಿಗೆ ಜೋಡಿಸುವಂಥವು ಸಿಗುತ್ತವೆ, ಈ ಕೆಲಸಕ್ಕೆ ಸಾಕು. ಕೊನೆಯದಾಗಿ ಅಲ್ಟ್ರಾಸಾನಿಕ್ ದಪ್ಪ ಅಳೆಯುವ ಉಪಕರಣ. ಇದಕ್ಕೆ ಒಂದೇ ಕಡೆಯಿಂದ ಒತ್ತಿ ಹಿಡಿದರೆ ಸಾಕು, ತಗಡಿನ ದಪ್ಪ ಹೇಳುತ್ತದೆ. ಸಣ್ಣ ಗಾಡಿಗಳ ಚಾಸಿಯ ತಗಡು ಸಾಮಾನ್ಯವಾಗಿ 2ರಿಂದ 4 ಮಿ.ಮೀ. ಇರುತ್ತದೆ. ಅದೇ ರೈಲಿನ (ಚಾಸಿಯ ಎಡಬಲಕ್ಕೆ ಉದ್ದಕ್ಕೂ ಹೋಗುವ ತೊಲೆಗೆ ರೈಲು ಅನ್ನುತ್ತಾರೆ) ಮಧ್ಯದಲ್ಲಿ, ತುಕ್ಕಿಲ್ಲದ ಕಡೆ, ಒಂದು ಅಳತೆ ತೆಗೆದುಕೊಂಡು ಅದನ್ನೇ ಮೂಲ ದಪ್ಪ ಅಂತ ಇಟ್ಟುಕೊಳ್ಳಿ. ಕಾಲುಭಾಗಕ್ಕಿಂತ ಜಾಸ್ತಿ ಸವೆದ ಕಡೆ ಹೊಸ ಲೋಹವನ್ನು ಜೋಡಿಸಬಾರದು ಅನ್ನುವುದು ನಾನು ಪಾಲಿಸುವ ಲೆಕ್ಕ. ಗಟ್ಟಿ ಲೋಹ ಶುರುವಾದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಬಲಗಡೆ ರೈಲಿಗೂ ಇದನ್ನೇ ಮಾಡಿ. ಒಂದು ಕಡೆ ತೂತು ಬಿದ್ದಿದ್ದರೆ ಇನ್ನೊಂದು ಕಡೆಯೂ ಸಾಮಾನ್ಯವಾಗಿ ಅದೇ ದಾರಿಯಲ್ಲಿರುತ್ತದೆ.

ಈಗ ತೇಪೆಯ ವಿಷಯ. ತುಕ್ಕಿನ ಮೇಲೇ ತಗಡು ಇಟ್ಟು ವೆಲ್ಡ್ ಮಾಡುವುದು ರಿಪೇರಿ ಅಲ್ಲ. ನನಗೆ ಇದರ ಬಗ್ಗೆ ಗಟ್ಟಿ ಅಭಿಪ್ರಾಯ ಇದೆ, ಯಾಕೆಂದರೆ ಅದು ಗಾಡಿಯವರಿಗೆ ಸುಳ್ಳು ಧೈರ್ಯ ಕೊಡುತ್ತದೆ. ಹೊಸ ತಗಡು ಎಷ್ಟೇ ದಪ್ಪ ಇರಲಿ, ಅದರ ಅಂಚು ಹಿಡಿದುಕೊಂಡಿರುವುದು ತೆಳ್ಳಗಾದ ಹಳೇ ಲೋಹವನ್ನು. ಭಾರ ಬಿದ್ದಾಗ ವೆಲ್ಡ್ ಗೆರೆಯ ಪಕ್ಕದಲ್ಲೇ ಅದು ಹರಿಯುತ್ತದೆ. ಮೇಲಾಗಿ ಹಳೇ ತಗಡಿಗೂ ಹೊಸ ತಗಡಿಗೂ ನಡುವೆ ಮತ್ತೊಂದು ಸಂದಿ ಮಾಡಿಕೊಟ್ಟ ಹಾಗಾಯಿತು, ತುಕ್ಕಿಗೆ ಬೇಕಾದ್ದು ಅದೇ ಅಲ್ವಾ? ವೆಲ್ಡಿಂಗಿನವರು "ತಗಡು ನಿಲ್ತಾ ಇಲ್ಲ, ತೂತು ಬೀಳ್ತಾ ಇದೆ" ಅಂದರೆ, ಅಲ್ಲಿ ವೆಲ್ಡ್ ಹಿಡಿಯುವಷ್ಟು ಲೋಹ ಇಲ್ಲ ಅಂತಲೇ ಅರ್ಥ. ಅಲ್ಲಿ ಕರೆಂಟು ಕಡಿಮೆ ಮಾಡಿ ಹೇಗೋ ತುಂಬಿಸುವ ಬದಲು ಇನ್ನೂ ಮುಂದಕ್ಕೆ ಕತ್ತರಿಸಬೇಕು. ತುಕ್ಕನ್ನು ಕಪ್ಪಾಗಿಸುವ ರಸ್ಟ್ ಕನ್ವರ್ಟರ್ ದ್ರಾವಣಗಳನ್ನೂ ಇಲ್ಲಿ ನೆಚ್ಚಬೇಡಿ. ಅವು ಮೇಲ್ಪದರದ ತುಕ್ಕನ್ನು ತಡೆಯುತ್ತವೆ. ಹೋದ ದಪ್ಪವನ್ನು ತಂದುಕೊಡುವುದಿಲ್ಲ.

ಭಾರ ಹೊರುವ ಜಾಗದ ತುಕ್ಕನ್ನು ಎಷ್ಟು ಗಂಭೀರವಾಗಿ ನೋಡಬೇಕು ಅನ್ನುವುದಕ್ಕೆ ಬ್ರಿಟನ್ನಿನಲ್ಲಿ ಗಾಡಿಗಳಿಗೆ ವರ್ಷವರ್ಷ ನಡೆಯುವ ಎಂಒಟಿ ತಪಾಸಣೆಯ ನಿಯಮ ಒಳ್ಳೆಯ ಅಳತೆಗೋಲು. ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕು, ಸೀಟ್ ಬೆಲ್ಟ್ ಇವುಗಳು ಕೂರುವ ಬಿಂದುವಿನಿಂದ 30 ಸೆಂ.ಮೀ. ಒಳಗಿನ ಲೋಹವನ್ನು ಅಲ್ಲಿ ವಿಶೇಷ ಜಾಗ ಅಂತ ಪರಿಗಣಿಸುತ್ತಾರೆ. ಅಲ್ಲಿ ತುಕ್ಕು ಲೋಹವನ್ನು ದುರ್ಬಲ ಮಾಡಿದ್ದರೆ ಗಾಡಿ ಫೇಲ್. ಅಲ್ಲಿ ತೇಪೆ ಹಾಕಿದರೆ ಸುತ್ತಲೂ ಎಡೆಬಿಡದೆ ವೆಲ್ಡ್ ಇರಬೇಕು, ಬಿಟ್ಟುಬಿಟ್ಟು ಚುಕ್ಕಿ ಹಾಕಿದರೆ ಒಪ್ಪುವುದಿಲ್ಲ. ನೀವು ಎಲ್ಲೇ ಇರಿ, ಆ 30 ಸೆಂ.ಮೀ. ಲೆಕ್ಕ ಮನಸ್ಸಿನಲ್ಲಿಟ್ಟುಕೊಳ್ಳಿ.

ಹಾಗಾದರೆ ಪೂರ್ತಿ ಚಾಸಿ ಯಾವಾಗ? ಸೀಮೆಸುಣ್ಣದ ಗೆರೆ ಹಿಂದಿನ ಆಕ್ಸಲ್ ದಾಟಿ ಮುಂದಕ್ಕೆ ಹೋದರೆ, ಅಥವಾ ಗೇರ್‌ಬಾಕ್ಸ್ ಕೂರುವ ಕ್ರಾಸ್ ಮೆಂಬರ್, ಮುಂದಿನ ಸಸ್ಪೆನ್ಷನ್ ಮೌಂಟ್ ಹೀಗೆ ಅಲ್ಲಲ್ಲಿ ಕೊಳೆತಿದ್ದರೆ, ತುಂಡು ತುಂಡಾಗಿ ಕಟ್ಟುವುದು ಬೇಡ. ಪ್ರತಿ ಜೋಡಣೆಯಲ್ಲೂ ಅಳತೆ ಸ್ವಲ್ಪ ತಪ್ಪುತ್ತದೆ, ಎಲ್ಲ ಸೇರಿ ಗಾಡಿ ನೇರ ಓಡುವುದಿಲ್ಲ. ಚಾಸಿ ಒಮ್ಮೆ ಅಪಘಾತದಲ್ಲಿ ಬಾಗಿದ್ದರೂ ಅಷ್ಟೇ. ತಯಾರಕರೂ ಇಂಥ ತುಕ್ಕನ್ನು ಹಗುರವಾಗಿ ತೆಗೆದುಕೊಂಡಿಲ್ಲ. ಟೊಯೊಟಾ ಕಂಪನಿ ಅಮೆರಿಕದಲ್ಲಿ 1995ರಿಂದ 2000ರವರೆಗಿನ ಟಕೋಮಾ ಪಿಕಪ್‌ಗಳ ಚಾಸಿ ತುಕ್ಕಿಗೆ 2008ರಲ್ಲಿ 15 ವರ್ಷದ ವಾರಂಟಿ ಕೊಟ್ಟಿತು, ತುಂಬಾ ಕೆಟ್ಟ ಗಾಡಿಗಳನ್ನು ವಾಪಸ್ ಕೊಂಡುಕೊಂಡಿತು. ಇಂಜಿನ್ ಚೆನ್ನಾಗಿದೆ ಅನ್ನುವುದು ಚಾಸಿ ಉಳಿಸಿಕೊಳ್ಳುವುದಕ್ಕೆ ಕಾರಣ ಆಗುವುದಿಲ್ಲ.

ಚಾಸಿ ಬದಲಿಸುವುದಾದರೆ ಒಂದು ಎಚ್ಚರಿಕೆ. ಗಾಡಿಯ ಗುರುತಿನ ಸಂಖ್ಯೆ ಚಾಸಿ ಮೇಲೇ ಕೊರೆದಿರುತ್ತದೆ. ಕತ್ತರಿಸುವ ಮೊದಲೇ ನೋಂದಣಿ ಕಚೇರಿಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಆ ಸಂಖ್ಯೆ ಇರುವ ತುಂಡನ್ನು ಕತ್ತರಿಸಿ ಇನ್ನೊಂದು ಚಾಸಿಗೆ ಅಂಟಿಸುವ ಸಲಹೆ ಯಾರಾದರೂ ಕೊಟ್ಟರೆ ಆ ಗ್ಯಾರೇಜಿನಿಂದ ಹೊರಗೆ ಬನ್ನಿ.

ನೀವು ಹೇಳಿದ್ದನ್ನು ನೋಡಿದರೆ ತುಕ್ಕು ಹಿಂದಿನ ತುದಿಯಲ್ಲೇ ನಿಂತಿರುವ ಸಾಧ್ಯತೆ ಜಾಸ್ತಿ. ಹಾಗಿದ್ದರೆ ಸರಿಯಾದ ದಾರಿ ಮಧ್ಯದ್ದು: ಹಿಂದಿನ ಕ್ರಾಸ್ ಮೆಂಬರ್ ಪೂರ್ತಿ ಹೊಸದು, ಎಡ ರೈಲಿನ ತುದಿಯನ್ನು ಗಟ್ಟಿ ಲೋಹದವರೆಗೆ ಕತ್ತರಿಸಿ ಶ್ಯಾಕಲ್ ಬ್ರ್ಯಾಕೆಟ್ ಸಮೇತ ಹೊಸ ತುಂಡು. ಹೆಸರಾದ ಹಳೇ ಫೋರ್ ವೀಲ್ ಡ್ರೈವ್ ಗಾಡಿಗಳಿಗೆ ಇಂಥ ತುಂಡುಗಳು ರೆಡಿಮೇಡ್ ಸಿಗುತ್ತವೆ. ಸಿಕ್ಕರೆ ಅದನ್ನೇ ಹಾಕಿ. ಬೋಲ್ಟ್ ತೂತುಗಳು ಅಳತೆಗೆ ಸರಿಯಾಗಿ ಇರುತ್ತವೆ. ಸಿಗದಿದ್ದರೆ ಮೂಲದಷ್ಟೇ ದಪ್ಪದ ಮೈಲ್ಡ್ ಸ್ಟೀಲ್ ತಗಡನ್ನು ಬಾಗಿಸಿ ಮಾಡಿಸಬಹುದು. ಗಟ್ಟಿ ಇರಲಿ ಅಂತ ಎರಡರಷ್ಟು ದಪ್ಪ ಹಾಕಬೇಡಿ. ಚಾಸಿ ಓಡುವಾಗ ಸ್ವಲ್ಪ ಬಾಗಿ ತಿರುಚಿಕೊಳ್ಳುವಂತೆಯೇ ಮಾಡಿರುತ್ತಾರೆ. ಒಂದು ಕಡೆ ಇದ್ದಕ್ಕಿದ್ದಂತೆ ಗಡುಸಾದರೆ, ಆ ಗಡುಸು ಮುಗಿಯುವ ಗೆರೆಯಲ್ಲಿ ಬಿರುಕು ಬಿಡುತ್ತದೆ. ಇನ್ನೊಂದು ಮಾತು: ಈಚಿನ ಗಾಡಿಗಳಲ್ಲಿ ಹೆಚ್ಚು ಬಲದ ಉಕ್ಕು ಇರುತ್ತದೆ, ಅದಕ್ಕೆ ಬಿಸಿ ತಗುಲಿದರೆ ಬಲ ಹೋಗುತ್ತದೆ. ಎಲ್ಲಿ ವೆಲ್ಡ್ ಮಾಡಬಹುದು, ಎಲ್ಲಿ ಕೂಡದು ಅಂತ ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದನ್ನು ನೋಡದೆ ಶುರು ಮಾಡಬಾರದು.

ಬಿಚ್ಚುವ ಕೆಲಸವೇ ಅರ್ಧ ಸಮಯ ತಿನ್ನುತ್ತದೆ. ಡೀಸೆಲ್ ಟ್ಯಾಂಕು, ಅದರ ಪೈಪುಗಳು, ಬ್ರೇಕ್ ಪೈಪು, ರೈಲಿನ ಒಳಗೆ ಹೋಗಿರುವ ವೈರು, ಬಂಪರ್, ಸ್ಪ್ರಿಂಗು ಎಲ್ಲ ಹೊರಗೆ ಬರಬೇಕು. ಟ್ಯಾಂಕನ್ನು ಬರೀ ಖಾಲಿ ಮಾಡಿ ಅಲ್ಲೇ ಬಿಡಬೇಡಿ. ಖಾಲಿ ಟ್ಯಾಂಕಿನಲ್ಲಿ ಆವಿ ತುಂಬಿರುತ್ತದೆ, ಪೆಟ್ರೋಲ್ ಗಾಡಿಯಾದರೆ ತುಂಬಿದ ಟ್ಯಾಂಕಿಗಿಂತ ಅದೇ ಅಪಾಯ. ಬೋಲ್ಟುಗಳು ಕಚ್ಚಿಕೊಂಡಿರುತ್ತವೆ. ಶ್ಯಾಕಲ್ ಬೋಲ್ಟು ಬುಷ್‌ನ (ಬೋಲ್ಟಿನ ಸುತ್ತ ಕೂರುವ ರಬ್ಬರ್ ತುಂಡಿನ) ಒಳಗಿನ ಕಬ್ಬಿಣದ ಕೊಳವೆಗೇ ಅಂಟಿಕೊಂಡು ಹಟ ಮಾಡುತ್ತದೆ. ಕೆಲವು ದಿನ ಮೊದಲಿನಿಂದಲೇ ಪೆನೆಟ್ರೇಟಿಂಗ್ ಆಯಿಲ್ ಬಿಡುತ್ತಾ ಬನ್ನಿ. ಬರದಿದ್ದರೆ ಕತ್ತರಿಸಿ ಹೊಸದು ಹಾಕುವುದೇ ವಾಸಿ. ಹೊಸ ಬೋಲ್ಟಿನ ತಲೆಯ ಮೇಲಿನ, ಅದರ ಬಲ ತೋರಿಸುವ ಸಂಖ್ಯೆ ಹಳೆಯದರಷ್ಟೇ ಇರಬೇಕು. 10.9 ಇದ್ದ ಕಡೆ 8.8 ಹಾಕಬಾರದು.

ಈಗ ಬರುವುದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಹಂತ. ಎಷ್ಟೋ ಗ್ಯಾರೇಜುಗಳಲ್ಲಿ ಇದನ್ನೇ ಹಾರಿಸಿಬಿಡುತ್ತಾರೆ. ಕತ್ತರಿಸುವ ಮೊದಲು ಅಳೆಯಬೇಕು.

ಗಾಡಿಯನ್ನು ಸಮತಟ್ಟು ನೆಲದಲ್ಲಿ, ನಾಲ್ಕು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ, ಲೆವೆಲ್ ನೋಡಿ ಕೂರಿಸಿ. ಸ್ಟ್ಯಾಂಡುಗಳು ಗಟ್ಟಿ ಲೋಹದ ಕೆಳಗೆ ಇರಲಿ. ಜಾಕ್ ಒಂದನ್ನೇ ನಂಬಿ ಯಾರೂ ಅಡಿಗೆ ಹೋಗಬಾರದು. ಎರಡೂ ರೈಲುಗಳಲ್ಲಿ ಒಂದೇ ರೀತಿಯ ಬಿಂದುಗಳನ್ನು ಆರಿಸಿಕೊಳ್ಳಿ: ಸ್ಪ್ರಿಂಗಿನ ಮುಂದಿನ ಬೋಲ್ಟು, ಶ್ಯಾಕಲ್ ಬೋಲ್ಟು, ಬಾಡಿ ಮೌಂಟಿನ ತೂತು. ಪ್ರತಿ ಬಿಂದುವಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ. ಆಮೇಲೆ ನೆಲದ ಗುರುತುಗಳ ನಡುವೆ ಉದ್ದ, ಅಗಲ, ಎದುರುಬದುರು ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಓರೆ ಅಳತೆಗಳು ಸಮ ಇದ್ದರೆ ಚಾಸಿ ಚೌಕವಾಗಿದೆ. ಮ್ಯಾನ್ಯುಯಲ್‌ನಲ್ಲಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಅಂತ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ ಅದು ಕೆಲವೇ ಮಿ.ಮೀ. ನೆಲದಿಂದ ಪ್ರತಿ ಬಿಂದುವಿನ ಎತ್ತರವನ್ನೂ ಬರೆದಿಡಿ. ಶ್ಯಾಕಲ್ ಬೋಲ್ಟು ಮೂಲ ಜಾಗದಿಂದ ಸರಿದರೆ ಆಕ್ಸಲ್ ಕೂರುವ ರೀತಿಯೇ ಬದಲಾಗುತ್ತದೆ. ಆಮೇಲೆ ಎಷ್ಟು ವೀಲ್ ಅಲೈನ್‌ಮೆಂಟ್ ಮಾಡಿಸಿದರೂ ಹಿಂದಿನ ಗಟ್ಟಿ ಆಕ್ಸಲ್ ಸರಿಹೋಗುವುದಿಲ್ಲ, ಅಲ್ಲಿ ತಿರುಗಿಸಿ ಹೊಂದಿಸುವ ಬೋಲ್ಟೇ ಇರುವುದಿಲ್ಲ.

ಅಳತೆ ಬರೆದ ಮೇಲೆ ಎರಡು ರೈಲುಗಳ ನಡುವೆ, ಕತ್ತರಿಸುವ ಜಾಗಕ್ಕಿಂತ ಸ್ವಲ್ಪ ಮುಂದೆ, ಒಂದು ಕಬ್ಬಿಣದ ಆಂಗಲ್ಲನ್ನು ತಾತ್ಕಾಲಿಕವಾಗಿ ಟ್ಯಾಕ್ ಮಾಡಿ, ಅಂದರೆ ಚುಕ್ಕಿ ಚುಕ್ಕಿ ವೆಲ್ಡ್ ಹಾಕಿ ಹಿಡಿಸಿ. ಹಿಂದಿನ ಕ್ರಾಸ್ ಮೆಂಬರ್ ತೆಗೆದಾಗ ರೈಲುಗಳು ಹತ್ತಿರಕ್ಕೋ ದೂರಕ್ಕೋ ಸರಿಯುತ್ತವೆ, ಅದನ್ನು ಇದು ತಡೆಯುತ್ತದೆ. ಕ್ರಾಸ್ ಮೆಂಬರ್ ಮತ್ತು ರೈಲಿನ ತುದಿಯನ್ನು ಒಟ್ಟಿಗೇ ತೆಗೆದುಬಿಡಬೇಡಿ. ಮೊದಲು ಎಡ ರೈಲಿನ ತುದಿ ಸರಿ ಮಾಡಿ, ಹಳೇ ಕ್ರಾಸ್ ಮೆಂಬರ್ ಅಲ್ಲಿಯವರೆಗೆ ಅಳತೆ ಹಿಡಿದಿರಲಿ. ಅದು ಮುಟ್ಟಿದರೆ ಉದುರುವಷ್ಟು ಕೊಳೆತಿದ್ದರೆ ಮಾತ್ರ ಎರಡನೇ ಆಂಗಲ್ ಹಾಕಿ.

ಕತ್ತರಿಸುವ ರೀತಿಯೂ ಮುಖ್ಯ. ರೈಲನ್ನು ಮೇಲಿಂದ ಕೆಳಕ್ಕೆ ನೇರ ಒಂದೇ ಗೆರೆಯಲ್ಲಿ ಕತ್ತರಿಸಿ, ಅಲ್ಲೇ ಸುತ್ತ ವೆಲ್ಡ್ ಎಳೆದರೆ ಎಲ್ಲ ದುರ್ಬಲ ಬಿಂದುಗಳೂ ಒಂದೇ ಸಾಲಿಗೆ ಬಂದವು. ಚಾಸಿ ಬಾಗುವಾಗ ಜಾಸ್ತಿ ಒತ್ತಡ ಬೀಳುವುದು ಅದರ ಮೇಲಿನ ಮತ್ತು ಕೆಳಗಿನ ಮುಖಗಳಿಗೆ. ಹಾಗಾಗಿ ಓರೆಯಾಗಿ, ಇಲ್ಲವೇ ಮೆಟ್ಟಿಲಿನ ಹಾಗೆ ಕತ್ತರಿಸಿ ಜೋಡಣೆಯನ್ನು ಉದ್ದಕ್ಕೆ ಹರಡಬೇಕು. ಜಾಗ ಇದ್ದರೆ ಒಳಗೆ ಸರಿಯಾಗಿ ಕೂರುವ ಒಂದು ತೋಳು (ಡಬ್ಬಿಯಾಕಾರದ ಒಳತುಂಡು) ಹಾಕಿ. ಅರ್ಧ ಹಳೇ ರೈಲಿನ ಒಳಗೆ, ಅರ್ಧ ಹೊಸದರ ಒಳಗೆ ಇರಲಿ. ಪಕ್ಕದ ಮುಖದಲ್ಲಿ 10ರಿಂದ 12 ಮಿ.ಮೀ. ತೂತು ಕೊರೆದು ಅದರ ಮೂಲಕ ತೋಳಿಗೆ ಪ್ಲಗ್ ವೆಲ್ಡ್ ಹಾಕಬಹುದು. ಹೊರಗಿನಿಂದ ಫಿಶ್ ಪ್ಲೇಟ್ (ಜೋಡಣೆಯ ಮೇಲೆ ಆಸರೆಗೆ ಕೂರಿಸುವ ಪಟ್ಟಿ) ಹಾಕುವುದಾದರೆ ಅದರ ಎರಡೂ ತುದಿ ಚೂಪಾಗಿ ಇಳಿದಿರಲಿ, ಚೌಕಾಕಾರ ಬೇಡ. ಮೇಲಿನ ಕೆಳಗಿನ ಮುಖಗಳಿಗೆ ಅಡ್ಡಲಾಗಿ ವೆಲ್ಡ್ ಗೆರೆ ಎಳೆಯದೇ ಇದ್ದಷ್ಟೂ ಒಳ್ಳೆಯದು.

ಹೊಸ ತುಂಡನ್ನು ಕ್ಲ್ಯಾಂಪಿನಲ್ಲಿ ಹಿಡಿಸಿ, ಶ್ಯಾಕಲ್ ಬೋಲ್ಟನ್ನು ಅದರ ತೂತಿನಲ್ಲಿ ಹಾಕಿ, ಮತ್ತೆ ಅಳೆಯಿರಿ. ಟ್ಯಾಕ್ ಮಾಡಿ, ಮತ್ತೆ ಅಳೆಯಿರಿ. ಆಮೇಲೆ ಪೂರ್ತಿ ವೆಲ್ಡ್. ಮಿಗ್ ವೆಲ್ಡಿಂಗ್ (ಗನ್ನಿನಿಂದ ವೈರು ತಾನಾಗಿಯೇ ಬರುವ ರೀತಿ) ಇದಕ್ಕೆ ಸರಿಹೊಂದುತ್ತದೆ, 0.8 ಮಿ.ಮೀ. ವೈರು, ಆರ್ಗಾನ್ ಮತ್ತು ಕಾರ್ಬನ್ ಡೈ ಆಕ್ಸೈಡ್ ಬೆರಕೆಯ ಗ್ಯಾಸು. 2 ಮಿ.ಮೀ. ತಗಡಿಗೆ ಕಡ್ಡಿಯ ಆರ್ಕ್ ವೆಲ್ಡಿಂಗ್ ಮಾಡಲು ತುಂಬಾ ಪಳಗಿದ ಕೈ ಬೇಕು. ಉದ್ದ ಗೆರೆಯನ್ನು ಒಂದೇ ಸಲ ಎಳೆಯಬಾರದು. ಲೋಹ ತಣ್ಣಗಾಗುವಾಗ ಕುಗ್ಗಿ ರೈಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಂದು ಮುಖದಲ್ಲಿ ಸ್ವಲ್ಪ, ಎದುರು ಮುಖದಲ್ಲಿ ಸ್ವಲ್ಪ, ನಡುವೆ ತಣಿಯಲು ಬಿಟ್ಟು, ಹೀಗೆ ಮುಗಿಸಬೇಕು.

ಕೆಲಸ ಮಾಡುವವರ ಜೀವದ ವಿಷಯವನ್ನು ಬಿಡುವ ಹಾಗಿಲ್ಲ. ವೆಲ್ಡಿಂಗ್ ಶುರುವಾಗುವ ಮೊದಲು ಬ್ಯಾಟರಿ ಟರ್ಮಿನಲ್ ಬಿಚ್ಚಿ, ಅರ್ತ್ ಕ್ಲ್ಯಾಂಪನ್ನು ವೆಲ್ಡ್ ಜಾಗದ ಹತ್ತಿರವೇ ಹಾಕಿ. ಸತುವಿನ ಲೇಪನ ಇರುವ ತುಂಡಾದರೆ ವೆಲ್ಡ್ ಗೆರೆಯ ಸುತ್ತ ಅದನ್ನು ಪೂರ್ತಿ ಉಜ್ಜಿ ತೆಗೆಯಿರಿ. ಸತುವಿನ ಹೊಗೆ ಕುಡಿದರೆ ಚಳಿ ಜ್ವರ ಬರುತ್ತದೆ. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಲೋಹ ಒರೆಸುವ ಅಭ್ಯಾಸ ಕೆಲವರಿಗೆ ಇದೆ. ಕ್ಲೋರಿನ್ ಇರುವ ಕ್ಲೀನರ್ ಮೇಲೆ ವೆಲ್ಡಿಂಗ್ ಆರ್ಕ್ ಬಿದ್ದರೆ ಫಾಸ್ಜೀನ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಅದು ಶ್ವಾಸಕೋಶವನ್ನು ಸುಡುತ್ತದೆ, ಕೆಲವೊಮ್ಮೆ ಗಂಟೆಗಳಾದ ಮೇಲೆ ಲಕ್ಷಣ ಕಾಣಿಸುತ್ತದೆ. ಆ ಡಬ್ಬಿಯನ್ನು ವೆಲ್ಡಿಂಗ್ ನಡೆಯುವ ಕೋಣೆಯಿಂದಲೇ ಹೊರಗಿಡಿ. ಬೆಂಕಿ ಆರಿಸುವ ಸಿಲಿಂಡರ್ ಹತ್ತಿರ ಇರಲಿ, ಕೆಲಸ ಮುಗಿದ ಮೇಲೂ ಒಬ್ಬರು ಸ್ವಲ್ಪ ಹೊತ್ತು ಅಲ್ಲೇ ಇದ್ದು ಬಾಡಿಯ ಅಡಿ ಎಲ್ಲಾದರೂ ಹೊಗೆಯಾಡುತ್ತಿದೆಯಾ ಅಂತ ನೋಡಲಿ.

ವೆಲ್ಡ್ ಮುಗಿದ ದಿನ ಎಲ್ಲರಿಗೂ ಕೆಲಸ ಮುಗಿಯಿತು ಅನಿಸುತ್ತದೆ. ಆದರೆ ಈ ರಿಪೇರಿ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಇಲ್ಲಿಂದ ಮುಂದಿನ ಕೆಲಸದ ಮೇಲೆ ನಿಂತಿದೆ. ವೆಲ್ಡ್ ಗೆರೆಯ ಒಳಮೈಯಲ್ಲಿ ಬಣ್ಣ ಸುಟ್ಟುಹೋಗಿ ಲೋಹ ಬೆತ್ತಲಾಗಿರುತ್ತದೆ. ಮುಂದಿನ ತುಕ್ಕು ಶುರುವಾಗುವುದು ಅಲ್ಲೇ. ಹೊರಮೈಗೆ ಎಪಾಕ್ಸಿ ಪ್ರೈಮರ್, ಸಂದಿಗಳಿಗೆ ಸೀಮ್ ಸೀಲರ್, ಮೇಲೆ ಚಾಸಿ ಬಣ್ಣ ಹಾಕಿಸಿ. ಎಲ್ಲ ಚೆನ್ನಾಗಿ ಒಣಗಿದ ಮೇಲೆ ಡಬ್ಬಿಯ ಒಳಗೆ ಕ್ಯಾವಿಟಿ ವ್ಯಾಕ್ಸ್ (ಒಳಮೈಗೆ ಹಿಡಿದು ನೀರು ತಡೆಯುವ ಮೇಣ) ಹೊಡೆಸಿ. ಉದ್ದ ನಳಿಕೆ, ಸುತ್ತಲೂ ಚಿಮ್ಮುವ ನಾಜಲ್ ಬೇಕು, ಹೊರಗಿನಿಂದ ಸುಮ್ನೆ ಒಂದು ತೂತಿಗೆ ಹೊಡೆದರೆ ಒಳಗೆ ತಲುಪುವುದಿಲ್ಲ. ಬಲಗಡೆ ರೈಲಿಗೂ, ಮುಂದಿನವರೆಗೂ ಹೊಡೆಸಿ. ವ್ಯಾಕ್ಸ್ ಬೆಂಕಿ ಹಿಡಿಯುವಂಥದ್ದು, ಅದಕ್ಕೇ ಅದು ಕೊನೆಗೆ. ನೀರು ಇಳಿಯುವ ತೂತುಗಳು ವ್ಯಾಕ್ಸ್‌ನಿಂದ ಮುಚ್ಚಿಲ್ಲ ಅಂತ ತಂತಿ ಹಾಕಿ ನೋಡಿ. ಹೊಸ ತುಂಡಿನಲ್ಲಿ ಆ ತೂತುಗಳೇ ಇಲ್ಲದಿದ್ದರೆ ಬಣ್ಣಕ್ಕೆ ಮೊದಲೇ ತಳದಲ್ಲಿ ಕೊರೆಸಿ.

ಬೇರೆ ಚಾಸಿ ಇಲ್ಲದ ಸಾಧಾರಣ ಕಾರಿನವರೂ ಇದೇ ಪ್ರಶ್ನೆ ಕೇಳುತ್ತಾರೆ, ಅವರಿಗೆ ಎರಡೇ ಮಾತು. ಅಲ್ಲಿ ಬಾಗಿಲ ಕೆಳಗಿನ ಸಿಲ್ ಭಾಗವೇ ಚಾಸಿಯ ಕೆಲಸ ಮಾಡುತ್ತದೆ. ಅದನ್ನು ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಒಳಗಿನಿಂದ ಆಸರೆ ಕಟ್ಟಬೇಕು, ಬಾಗಿಲ ಸುತ್ತಲಿನ ಸಂದಿ ಮೊದಲಿನಷ್ಟೇ ಇದೆಯಾ ಅಂತ ಮತ್ತೆ ಮತ್ತೆ ನೋಡುತ್ತಿರಬೇಕು. ಹೊರಗಿನ ತಗಡು ಒಂದನ್ನೇ ಬದಲಿಸಿ ಒಳಗಿನದ್ದನ್ನು ಹಾಗೇ ಬಿಟ್ಟರೆ ಏನೂ ಮಾಡಿದ ಹಾಗಾಗಲಿಲ್ಲ.

ಈ ಕೆಲಸ ಸ್ವಂತ ಮಾಡಿ ಅಂತ ನಾನು ಹೇಳುವುದಿಲ್ಲ. ಬಿಚ್ಚುವುದು, ತೊಳೆಯುವುದು, ವ್ಯಾಕ್ಸ್ ಹೊಡೆಯುವುದು ನೀವು ಮಾಡಬಹುದು. ಶ್ಯಾಕಲ್ ಬ್ರ್ಯಾಕೆಟ್ಟಿನ ವೆಲ್ಡ್ ಮಾತ್ರ ಚಾಸಿ ಕೆಲಸ ಬಲ್ಲವರ ಕೈಯಲ್ಲೇ ಆಗಲಿ. ಗ್ಯಾರೇಜಿಗೆ ಹೋದಾಗ ಎಷ್ಟು ದಿನ ಬೇಕು ಅಂತ ಕೇಳುವ ಮೊದಲು ಈ ಮೂರನ್ನು ಕೇಳಿ: ಎಲ್ಲಿಯವರೆಗೆ ಕತ್ತರಿಸುತ್ತೀರಿ, ಅಳತೆ ಹೇಗೆ ಹಿಡಿಯುತ್ತೀರಿ, ಒಳಮೈಗೆ ಏನು ಹಾಕುತ್ತೀರಿ. ಸರಿಯಾಗಿ ಕೆಲಸ ಮಾಡುವವರಿಗೆ ಈ ಪ್ರಶ್ನೆಗಳಿಂದ ಬೇಜಾರಾಗುವುದಿಲ್ಲ. ತುಕ್ಕು ಕತ್ತರಿಸಿದ ಮೇಲೆ, ಹೊಸದು ಕೂರಿಸುವ ಮೊದಲು, ಫೋಟೋ ತೆಗೆದು ಕೊಡಿ ಅಂತ ಹೇಳಿ. ಕತ್ತರಿಸಿದ ಅಂಚಿನಲ್ಲಿ ಲೋಹದ ದಪ್ಪ ಅದರಲ್ಲಿ ಕಾಣುತ್ತದೆ.

ಜೋಡಿಸುವಾಗ ಒಂದು ಸಣ್ಣ ವಿಷಯ ತಪ್ಪದೇ ನೋಡಿಕೊಳ್ಳಿ. ರಬ್ಬರ್ ಬುಷ್ ಇರುವ ಶ್ಯಾಕಲ್ ಬೋಲ್ಟನ್ನು ಗಾಡಿ ಸ್ಟ್ಯಾಂಡಿನ ಮೇಲಿರುವಾಗ ಕೊನೆಯ ಬಿಗಿ ಕೊಡಬಾರದು. ಗಾಡಿ ಕೆಳಗಿಳಿದು, ಪೂರ್ತಿ ಭಾರ ಚಕ್ರಗಳ ಮೇಲೆ ಬಿದ್ದ ಮೇಲೆ, ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿ ಮಾಡಬೇಕು. ಇಲ್ಲದಿದ್ದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬ್ರೇಕ್ ಪೈಪು ಬಿಚ್ಚಿದ್ದರೆ ಗಾಳಿ ತೆಗೆಸಿ, ಆಮೇಲೆ ರಸ್ತೆಗೆ ಇಳಿಸಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಎತ್ತಿಸಿ ಎಲ್ಲ ಬೋಲ್ಟುಗಳ ಬಿಗಿ ನೋಡಿಸಿ. ಹಾಗೇ ವೆಲ್ಡ್ ಗೆರೆಯ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಬಿರಿದಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಬಿರಿದಿದ್ದರೆ ಅಲ್ಲಿ ಬಣ್ಣ ಉಜ್ಜಿ ತೆಗೆಸಿ, ಅಡಿಯ ಲೋಹವೂ ಬಿರುಕು ಬಿಟ್ಟಿದೆಯಾ ಅಂತ ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರಾವಣ) ಹಾಕಿ ಪರೀಕ್ಷೆ ಮಾಡಿಸಿ.